ಮಡಿವಾಳೆಪ್ಪ ಸಾರಿಸಗೊಡದ ಗೋಡೆ

ನಮ್ಮ ಮಾವ ಮಡಿವಾಳೆಪ್ಪ, ಅಂದರೆ ಅಕ್ಕ ಸುಂದರವ್ವನ ಗಂಡ, ಬೈಲಹೊಂಗಲದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನು. ಅವನನ್ನು ಹೊಗಳಲು ನನಗೆ ನಾಲಗೆ ಏಳುವುದಿಲ್ಲ. ತನ್ನೂರು ಹೂಲಿಯ ಮನೆಯ ಹಿತ್ತಲಿನ ಮಣ್ಣುಗೋಡೆಯನ್ನು ಮಾನವಮಿ ಹಬ್ಬಕ್ಕೂ ಸಾರಿಸಲು ಅಕ್ಕನಿಗೆ ಬಿಟ್ಟವನಲ್ಲ. ಓಣಿಯೆಲ್ಲ ಸೆಗಣಿ, ಕೆಮ್ಮಣ್ಣು ಬಳಿದುಕೊಂಡು ಲಕಲಕ ಅನ್ನುವಾಗ ನಮ್ಮಕ್ಕನ ಗೋಡೆ ಮಾತ್ರ ತೂತು ತೂತು. "ಸುಂದರವ್ವನ ರಟ್ಟ್ಯಾಗ ಕಸುವು ಇಲ್ಲೇನ?" ಎಂದು ನೆರೆಯ ಶಟ್ಟೆವ್ವ ನಕ್ಕಿದ್ದನ್ನು ಅಕ್ಕ ಮರೆತಿಲ್ಲ. ನಾನೂ ಮರೆತಿಲ್ಲ.

ಆ ತೂತುಗಳಲ್ಲಿ ಒಂಟಿಯಾಗಿ ಬಾಳುವ ಜೇನುಗಳು ಗೂಡು ಮಾಡುತ್ತವೆ. ಬೀ ಫ್ಲೈ ಎನ್ನುವ ಕರಿ ನೊಣ ತೂತಿನೆದುರು ನಿಂತಲ್ಲೇ ಹಾರುತ್ತ ಮೊಟ್ಟೆ ಚಿಮ್ಮಿಸುತ್ತದೆ. ಅದರ ಮರಿ ಒಳಗೆ ಹೊಕ್ಕು ಜೇನಿನ ಮರಿಯನ್ನೇ ತಿನ್ನುತ್ತದೆ. ಇಂಥ ಮನೆಮುರುಕ ನೊಣದ ಮೇಲೆ ಮಾವನಿಗೆ ಎಲ್ಲಿಲ್ಲದ ಅಕ್ಕರೆ. ಗೋಡೆಗೆ ಬರುವ ನೊಣಗಳಲ್ಲಿ ದೊಡ್ಡವೂ ಇದ್ದವು, ಸಣ್ಣವೂ ಇದ್ದವು. ಆಂಥ್ರಾಕ್ಸ್ ಎಂಬ ಜೀನಸ್ಸಿನ, ಅಂದರೆ ಕುಲದ, ಈ ನೊಣಗಳಲ್ಲಿ ದೊಡ್ಡದೇ ಬೇರೆ, ಸಣ್ಣದು ತಾನು ಕಂಡುಹಿಡಿದ ಹೊಸ ಪ್ರಭೇದ ಎಂದು ಬರೆದು, ಅದಕ್ಕೆ ಹೂಲಿಯ ಹೆಸರಿಟ್ಟು, ಶಾಲು ಹೊದಿಸಿಕೊಂಡು ಬಂದಿದ್ದ.

ಅವನ ಶಿಷ್ಯ ಸುಭಾಸ ಒಮ್ಮೆ ಮನೆಗೆ ಬಂದು, "ಸರ್, ಎರಡೂ ಒಂದ ಜಾತಿ ಅದಾವ್ರಿ. ದೊಡ್ಡ ಜೇನಿನ ಮರಿ ತಿಂದದ್ದು ದೊಡ್ಡದಾಗತೈತಿ, ಸಣ್ಣದನ್ನ ತಿಂದದ್ದು ಸಣ್ಣದ ಉಳೀತೈತಿ. ದೊಡ್ಡದು ಸಣ್ಣದು ಜೋಡಿ ಕೂಡೂದು ಕಂಡ್ರ ಸಾಕ್ರಿ, ಮುಗೀತು" ಎಂದ. ಅಕ್ಕ ಆಗ ಚಹಾ ತಂದು ನಿಂತಿದ್ದಳು. "ಇನ್ನ ನನ್ನ ಹೊಸ್ತಲಾ ತುಳೀಬ್ಯಾಡ" ಎಂದು ಮಾವ ಅವನನ್ನು ಚಹಾ ಕುಡಿಯಲೂ ಬಿಡದೆ ಎಬ್ಬಿಸಿದ.

ಈ ಸಲ ಮಾನವಮಿ ಹತ್ತಿರ ಬಂದಾಗ ನಾನು ಅಲ್ಲೇ ಇದ್ದೆ. ಗೋಡೆಯ ಮೇಲೆ ಒಂದು ದೊಡ್ಡ ನೊಣ, ಒಂದು ಸಣ್ಣದು ಹಿಂಬದಿ ಕೂಡಿಸಿಕೊಂಡು ಕೂತಿದ್ದವು. ಮಾವನ ಮುಖ ಕಪ್ಪಿಟ್ಟಿತು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮಾವ ಟವೆಲ್ ಬೀಸಿ ಅವನ್ನು ಓಡಿಸಿದ.

"ಸೆಗಣಿ ಕಲಸು. ಇವತ್ತ ಈ ಗ್ವಾಡಿ ಸಾರಿಸಿಬಿಡು" ಎಂದ.

ಈ ಮಾತಿಗಾಗಿ ಅಕ್ಕ ವರ್ಷಗಟ್ಟಲೆ ಕಾದಿದ್ದಳು. ಬುಟ್ಟಿ ತರಲು ಓಡುತ್ತಾಳೆ ಎಂದುಕೊಂಡೆ. ಅವಳು ಮಣೆ ಎಳೆದುಕೊಂಡು ಗೋಡೆಯ ಮುಂದೆ ಕೂತಳು.

"ಓಣಿ ಮಂದಿ ಮುಂದ ನನ್ನ ಮಾನ ಹೋಗುವಾಗ ಗ್ವಾಡಿ ಮುಟ್ಟಬ್ಯಾಡ ಅಂದ್ರಿ. ಈಗ ನಿಮ್ಮದು ಹೋಗಾಕ ಹತ್ತೈತಿ. ಹೋಗಲಿ. ನಿನ್ನೀನ ಇಂಥಾದ್ದೊಂದು ಜೋಡಿ ನೋಡಿ ಸುಭಾಸಗ ಫೋನ್ ಮಾಡೇನಿ. ಅವ ಬಂದು ನೋಡೂಮಟಾ ಇದಕ್ಕ ಕೈ ಹಚ್ಚಗೊಡೂದಿಲ್ಲ."

ಮಾವ ನನ್ನ ಕಡೆ ನೋಡಿದ. ಹೊರಗೆ ಬೈಕು ಬಂದು ನಿಂತ ಸದ್ದಾಯಿತು. ಬಾಗಿಲು ತೆಗೆಯಲು ನಾನೇ ಎದ್ದೆ.