ಹಸಿ ಗೋಡೆಯಲ್ಲೊಂದು ಹೆಬ್ಬೆಟ್ಟು

ಕಳೆದ ವಾರ ನೆದರ್‌ಲ್ಯಾಂಡ್ಸ್‌ನ ಲೈಡನ್ನಿನ ನಮ್ಮ ಮನೆಯ ಅಡುಗೆಕೋಣೆಗೆ ಗಾರೆ ಕೆಲಸದವನು ಬಂದಿದ್ದ. ಈಗೆಲ್ಲ ಜಿಪ್ಸಮ್ಮೇ ಬಳಿಯುತ್ತಾರಂತೆ, ಆದರೆ ನಮ್ಮಂಥ ಹಳೆಯ ಗೋಡೆಗೆ ಸುಣ್ಣವೇ ಆಗಬೇಕಂತೆ. ಬಕೆಟ್ಟಿನಲ್ಲಿ ಅವನು ಸುಣ್ಣ ಕಲಸುತ್ತಿದ್ದಂತೆ ಆ ತಣ್ಣನೆಯ, ಸ್ವಲ್ಪ ಘಾಟು ವಾಸನೆ... ನಾನು ಕೈಯಲ್ಲಿದ್ದ ಕಾಫಿ ಮರೆತು ನಿಂತೆ. ನಮ್ಮ ಪಕ್ಕದ ಮನೆಯ ಮೇಸ್ತ್ರಿ ನೆನಪಾಗಿದ್ದರು.

ಮೇಸ್ತ್ರಿ ಎಂಬ ಹೆಸರು ಕೊಟ್ಟವಳು ನಾನೇ. ಅವರು ಡಚ್ ಅಜ್ಜ. ಜೀವಮಾನವೆಲ್ಲ ಊರಿನ ಗೋಡೆಗಳಿಗೆ ಗಾರೆ ಬಳಿದು ನಿವೃತ್ತರಾದವರು. ನಾವು ಮೈಸೂರಿನಿಂದ ಬಂದ ಹೊಸದರಲ್ಲಿ ಇದೇ ಅಡುಗೆಕೋಣೆಯ ಗೋಡೆ ಉದುರುತ್ತಿತ್ತು. ಅದನ್ನು ನೋಡಲಾರದೆ ಅವರೇ ಕರಣೆ ಹಿಡಿದು ಬಂದರು. ಅಷ್ಟು ಹಿರಿಯರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳಲಿಲ್ಲ. "ನಮ್ ಕಡೆ ನಿಮ್ಮಂಥವ್ರನ್ನ ಮೇಸ್ತ್ರಿ ಅಂತೀವಿ" ಎಂದೆ. ಅವರಿಗೆ ಹಿಡಿಸಿಬಿಟ್ಟಿತು. ಅವರು ನನ್ನನ್ನು ಕೊನೆಯವರೆಗೂ 'ಬ್ಯೂರ್‌ಫ್ರೌ' ಎಂದೇ ಕರೆದರು, ಎಂದರೆ ಪಕ್ಕದ ಮನೆಯಾಕೆ. ನಮ್ಮ ಮಾತೆಲ್ಲ ಅರ್ಧ ಇಂಗ್ಲಿಷು, ಅರ್ಧ ಡಚ್ಚು. ನೆನಪಿನಲ್ಲಿ ಮಾತ್ರ ಎಲ್ಲವೂ ಕನ್ನಡವಾಗಿದೆ.

ಒಂದು ವಸಂತದಲ್ಲಿ ನಾನು, ನನ್ನ ಗಂಡ ಇಟಲಿಗೆ ಹೊರಟಿದ್ದೆವು. ಗೊತ್ತಾದ ದಿನವೇ ಮೇಸ್ತ್ರಿ ಬಾಗಿಲಿಗೆ ಬಂದರು. ಆ ವೇಳೆಗೆ ಅವರ ಕಣ್ಣು ಸೋಲುತ್ತಿತ್ತು. ಏನನ್ನೂ ಕೇಳಿದವರಲ್ಲ, ಅಂದು ಕೇಳಿದರು: "ನನ್ನನ್ನೂ ಕರ್ಕೊಂಡ್ ಹೋಗ್ತೀರಾ? ಕಣ್ಣು ಪೂರ್ತಿ ಹೋಗೋದ್ರೊಳಗೆ ಒಂದು ಗೋಡೆ ನೋಡ್ಬೇಕು."

ಅಲ್ಲಿನ ಗುಡ್ಡದ ಊರುಗಳ ಹಳೆಯ ಚರ್ಚುಗಳಲ್ಲಿ ಗಾರೆ ಹಸಿಯಿರುವಾಗಲೇ ಚಿತ್ರ ಬರೆಯುತ್ತಿದ್ದರಂತೆ. ಸಂಜೆಯೊಳಗೆ ಎಷ್ಟು ಬರೆಯಲಾಗುತ್ತದೋ ಅಷ್ಟಕ್ಕೇ ಬೆಳಿಗ್ಗೆ ಗಾರೆ. ಮರುದಿನ ಅದರ ಪಕ್ಕಕ್ಕೆ ಇನ್ನಷ್ಟು. ಒಂದು ಚರ್ಚಿನಲ್ಲಿ ದೇವದೂತನ ಅಂಗಿಯ ಅಂಚಿನ ಕೆಳಗೆ, ಎರಡು ದಿನಗಳ ಗಾರೆ ಕೂಡುವಲ್ಲಿ, ಗಾರೆಯವನ ಹೆಬ್ಬೆರಳಿನ ಗುರುತು ಉಳಿದಿತ್ತು. ಮೇಸ್ತ್ರಿ ಅದನ್ನು ಕಂಡದ್ದು ತರುಣರಾಗಿದ್ದಾಗ. "ಚಿತ್ರ ಬರೆದವನ ಹೆಸರು ಬೋರ್ಡ್ ಮೇಲಿದೆ. ಗಾರೆ ಬಳಿದೋನಿಗೆ ಆ ಬೆರಳೇ ಹೆಸರು" ಎಂದರು.

ಬರೆಯಲು ಬಾರದವರ ಸಹಿಗೆ ನಮ್ಮಲ್ಲಿ ಹೆಬ್ಬೆಟ್ಟು ಎನ್ನುತ್ತೇವೆ ಎಂದೆ. 'ಹೆಬೆಟು, ಹೆಬೆಟು' ಎಂದು ಬಾಯಿಪಾಠ ಮಾಡಿದರು. ತಾವೂ ಮುಗಿಸಿದ ಪ್ರತಿ ಗೋಡೆಯ ಮೂಲೆಯಲ್ಲಿ, ಅಲ್ಲಿ ಕಂಡದ್ದರ ಪಡಿಯಚ್ಚಿನಂತೆ ಒಂದು ಹೆಬ್ಬೆಟ್ಟು ಒತ್ತಿದ್ದಾರಂತೆ. "ನಮ್ಮನೇದು ಎಲ್ಲಿ?" ಎಂದು ಕೇಳಿದೆ. "ಹುಡ್ಕು" ಎಂದು ನಕ್ಕರು. ಹುಡುಕೋಣವೆಂದುಕೊಂಡೆ... ಹುಡುಕಲಿಲ್ಲ.

ಮೂರು ದಿನ ಗುಡ್ಡದಿಂದ ಗುಡ್ಡಕ್ಕೆ ಅಲೆದೆವು. ಒಂದೊಂದು ಊರೂ ಬರೀ ಮೆಟ್ಟಿಲು. ಚಾಮುಂಡಿ ಬೆಟ್ಟ ಹತ್ತಿ ಬೆಳೆದವಳೆಂಬ ನನ್ನ ಜಂಬ ಎರಡನೆಯ ಊರಿಗೇ ಇಳಿಯಿತು. ಮೇಸ್ತ್ರಿ ನನ್ನ ತೋಳು ಹಿಡಿದು ಒಮ್ಮೆಯೂ ನಿಲ್ಲದೆ ಹತ್ತಿದರು.

ಅವರ ಚರ್ಚು ಕೊನೆಯ ಊರಿನಲ್ಲಿತ್ತು. ಬಾಗಿಲಲ್ಲಿ ನಾನು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟೆ. ಚರ್ಚು ನೋಡಿಕೊಳ್ಳುವ ಹೆಂಗಸು ನನ್ನ ಕಾಲನ್ನೇ ದಿಟ್ಟಿಸಿದಳು. ಮೇಸ್ತ್ರಿ ಏನೂ ಕೇಳದೆ ಬಗ್ಗಿ ತಮ್ಮ ಬೂಟನ್ನೂ ಬಿಚ್ಚಿದರು. ಹರಕುಮುರುಕು ಇಟಾಲಿಯನ್‌ನಲ್ಲಿ ತಮ್ಮ ಕಸುಬು ಹೇಳಿಕೊಂಡಾಗ ಆಕೆ "ಆ, ಮಾಯೆಸ್ತ್ರೋ!" ಎಂದು ದಾರಿ ಬಿಟ್ಟಳು. "ಬ್ಯೂರ್‌ಫ್ರೌ, ಇಲ್ಲೂ ನಾನು ಮೇಸ್ತ್ರೀನೇ!" ಎಂದು ಮಗುವಿನಂತೆ ಹಿಗ್ಗಿದರು.

ಗೋಡೆಯ ಬಳಿ ಬಹಳ ಹೊತ್ತು ಬಗ್ಗಿ ನಿಂತರು. ಕನ್ನಡಕ ತೆಗೆದರು, ಹಾಕಿದರು. ಮುಟ್ಟುವಂತಿರಲಿಲ್ಲ. "ನಂಗೆ ಬರೀ ಮಂಜು. ನೀನು ನೋಡು, ಇದ್ಯಾ?"

ಮಂಡಿಯೂರಿ ನೋಡಿದೆ. ದೇವದೂತನ ಅಂಗಿಯ ಕೆಳಗೆ ಯಾರೋ ಈಚೆಗೆ ರಿಪೇರಿ ಮಾಡಿ ನುಣ್ಣಗೆ ಸವರಿಬಿಟ್ಟಿದ್ದರು. ಬೆರಳಿನ ಗುರುತು ಇರಲೇ ಇಲ್ಲ.

"ಇದೆ" ಎಂದೆ.

"ಯಾವ ಕಡೆ ವಾಲಿದೆ?"

ಬಾಯಿಗೆ ಬಂದದ್ದನ್ನು ಹೇಳಿದೆ, "ಎಡಕ್ಕೆ."

ಅವರು ಕನ್ನಡಕ ತೆಗೆದು ಜೇಬಿಗಿಟ್ಟರು. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ತಟ್ಟಿ "ಸರಿ. ಇದ್ಯಲ್ಲ, ಸಾಕು" ಎಂದರು. ಹೊರಗೆ ಬಂದ ಮೇಲೆ ನನ್ನ ಗಂಡ ಕಿವಿಯಲ್ಲಿ ಪಿಸುಗುಟ್ಟಿದ, "ದೇವ್ರ ಮುಂದೇನೇ ಸುಳ್ಳು ಹೇಳ್ಬಿಟ್ಯಲ್ಲೇ!" ನನಗೆ ನಗು ಬರಲಿಲ್ಲ.

ಮುಂದಿನ ಚಳಿಗಾಲದಲ್ಲಿ ಮೇಸ್ತ್ರಿ ತೀರಿಕೊಂಡರು. ಅವರ 'ಸರಿ' ಮಾತ್ರ ಹಸಿ ಗೋಡೆಯಲ್ಲಿ ಹರಳು ನೆಟ್ಟಂತೆ ನನ್ನಲ್ಲಿ ಉಳಿಯಿತು. ಪಾಪ, ನಂಬಿಕೊಂಡೇ ಹೋದರಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಕಳೆದ ವಾರ ಗಾರೆಯವನು ಕಪಾಟು ಸರಿಸಿದ. ನೆಲದಿಂದ ಒಂದು ಗೇಣು ಮೇಲೆ, ಗೋಡೆಯ ಮೂಲೆಯಲ್ಲಿ, ಒಂದು ಹೆಬ್ಬೆಟ್ಟು. ಗೆರೆಗಳೂ ಮಾಸಿರಲಿಲ್ಲ. ಬಲಕ್ಕೆ ವಾಲಿತ್ತು.

ನಾನು ನೆಲದ ಮೇಲೇ ಕುಳಿತುಬಿಟ್ಟೆ. ಬದುಕಿಡೀ ಚರ್ಚಿನ ಆ ಗುರುತಿನಂತೆಯೇ ಬಲಕ್ಕೆ ಒತ್ತಿದವರಿಗೆ ನಾನು ಎಡ ಎಂದ ಕ್ಷಣವೇ ಗೊತ್ತಾಗಿರಬೇಕು, ಅದು ಅಳಿಸಿಹೋಗಿದೆ ಎಂದು. ಅಷ್ಟು ದೂರ ಬಂದು ಅದನ್ನು ಕಳೆದುಕೊಂಡ ಗಳಿಗೆಯಲ್ಲೂ ಅವರು ಕಾಪಾಡಿದ್ದು ನನ್ನ ಮರ್ಯಾದೆಯನ್ನು. ಅಳು ತಡೆಯಲಾಗಲಿಲ್ಲ.

ಅಷ್ಟು ಜಾಗ ಬಿಟ್ಟು ಬಳಿಯಲು ಗಾರೆಯವನಿಗೆ ಹೇಳಿದೆ. ಅವನು ಹೋದ ಮೇಲೆ ನನ್ನ ಹೆಬ್ಬೆರಳನ್ನು ಆ ಗುಳಿಯಲ್ಲಿಟ್ಟೆ. ಅವರದು ದೊಡ್ಡದು, ಸುತ್ತ ಜಾಗ ಉಳಿಯಿತು. "ಮೇಸ್ತ್ರಿ, ಇಲ್ಲಿದೆ, ಬಲಕ್ಕೆ ವಾಲಿದೆ" ಎಂದು ನಿಜ ಹೇಳೋಣವೆಂದರೆ, ಪಕ್ಕದ ಮನೆಯಲ್ಲಿ ಅವರಿಲ್ಲ.