ಮಂಚ ಸರಿಸುವ ಹೊತ್ತಿನ ಜಾಝ್

ನನ್ನ ಮಗಳು ಮರಾಠಿ ನಾಟಕವೊಂದಕ್ಕೆ ಕಟ್ಟಿದ ಜಾಝ್ ಸಂಗೀತ ಆಲ್ಬಮ್ ಆಗಿ ಬಂದಿದೆ. ಬ್ಯಾಂಕಿನಲ್ಲಿ ನನ್ನ ಕೌಂಟರಿಗೆ ಬಂದವರಿಗೆಲ್ಲ ಇದನ್ನು ಹೇಳಿದ್ದೇನೆ. ಹೇಳದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ವಿಜಯಪುರದಿಂದ ನಾಸಿಕ್‌ಗೆ ನನಗೆ ವರ್ಗವಾದಾಗ ಅವಳಿನ್ನೂ ಚಿಕ್ಕವಳು. ಕನ್ನಡ ಚೆನ್ನಾಗಿ ತಿಳಿಯುತ್ತದೆ, ಮಾತಾಡಲು ಹೋದರೆ ಅರ್ಧ ಮರಾಠಿ. ಸ್ಯಾಕ್ಸೊಫೋನ್ ನುಡಿಸುತ್ತಾಳೆ. ನಾಟಕಕ್ಕೆ ಆರು ತುಣುಕು ಬರೆದಳು. ಅದರಲ್ಲಿ ಐದು, ದೃಶ್ಯಗಳಿಗೆ. ಆರನೆಯದು ಕತ್ತಲಲ್ಲಿ ಮಂಚ ತೆಗೆದು ಮೇಜು ಇಡುವಷ್ಟು ಹೊತ್ತು ನುಡಿಸಲಿಕ್ಕೆ. ಅವಳಿಗೆ ಅದರ ಮೇಲೆಯೇ ಜೀವ.

ನಾಸಿಕ್‌ನಲ್ಲಿ ಒಂದು, ಛತ್ರಪತಿ ಸಂಭಾಜಿನಗರದಲ್ಲಿ ಒಂದು ಪ್ರಯೋಗ. ಎರಡನ್ನೂ ರೆಕಾರ್ಡ್ ಮಾಡಿ ಆಲ್ಬಮ್ ಮಾಡುವುದೆಂದು ಮಾತಾಗಿತ್ತು. ನಾಸಿಕ್‌ನಲ್ಲಿ ಆರನೆಯದು ಶುರುವಾದದ್ದೇ ತಡ, ಜನ ಹರಟೆಗಿಳಿದರು. ಪ್ರಯೋಗ ಮುಗಿದ ಮೇಲೆ ನಿರ್ದೇಶಕರು, ಅದು ಬರೀ ಸಾಮಾನು ಸರಿಸುವ ಹೊತ್ತಿನ ಸದ್ದು, ಆಲ್ಬಮ್‌ಗೆ ಬೇಡ ಎಂದರು. ನನಗೆ ಮೈಯೆಲ್ಲ ಉರಿಯಿತು. ಮಗಳು ಸ್ಯಾಕ್ಸೊಫೋನನ್ನು ಪೆಟ್ಟಿಗೆಯಲ್ಲಿ ಇಟ್ಟಳು. ಸಂಭಾಜಿನಗರದ ರೈಲಿನಲ್ಲಿ ಮನ್ಮಾಡ್ ಬರುವವರೆಗೂ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

"ಇನ್ನೊಂದು ಪ್ರಯೋಗ ಉಳದದಲ್ಲವಾ," ಎಂದೆ.

"ಅಲ್ಲೂ ಹಂಗ ಆಗ್ತದ ಅವ್ವಾ. ಲೋಕ ಐಕತಚ್ ನಾಹೀತ." ಜನ ಕೇಳುವುದೇ ಇಲ್ಲವಂತೆ.

ಸಂಭಾಜಿನಗರದ ರಂಗದ ಪಕ್ಕದ ಬಾಗಿಲು ಕಿರಿದು. ನಾನು ಮುಂದಿನ ಸಾಲಿನ ತುದಿಯಲ್ಲಿ ಕೂತಿದ್ದರಿಂದ ಕಂಡಿತು: ಮಂಚ ಹೊತ್ತ ಇಬ್ಬರು ಬಾಗಿಲಲ್ಲಿ ಸಿಕ್ಕಿಕೊಂಡಿದ್ದಾರೆ, ಮಂಚ ಅತ್ತಲೂ ಹೋಗದು, ಇತ್ತಲೂ ಬರದು. ಆರನೆಯ ತುಣುಕು ಮುಗಿಯಿತು. ಮಗಳ ಪಕ್ಕ ಕೂತಿದ್ದ ಡ್ರಮ್ಮಿನವನ ಕೈ ನಿಂತಿತು. ಸಭೆಯಲ್ಲಿ ಗುಸುಗುಸು. ಆಗ ಮಗಳು ಕೊನೆಯ ಸಾಲನ್ನು ಮತ್ತೆ ಎತ್ತಿಕೊಂಡಳು. ಮತ್ತೊಮ್ಮೆ, ತುಸು ಹೊರಳಿಸಿ. ಮತ್ತೊಮ್ಮೆ, ಇನ್ನೂ ಮೇಲಿನಿಂದ. ಡ್ರಮ್ ಅವಳ ಹಿಂದೆ ಬಂತು.

ಇದನ್ನು ಎಲ್ಲಿ ಕಲಿತಳೆಂದು ನನಗೊಬ್ಬಳಿಗೇ ಗೊತ್ತು. ನಮ್ಮ ಮನೆಯಲ್ಲಿ ಆರತಿಯ ತಟ್ಟೆ ಹೆಂಗಸರ ಕೈಯಿಂದ ಕೈಗೆ ಹೋಗುತ್ತದೆ. ಕೊನೆಯವಳು ಬೆಳಗುವ ತನಕ ಹಾಡು ಮುಗಿಸುವಂತಿಲ್ಲ. ಮಂದಿ ಹೆಚ್ಚಿದ್ದರೆ ಕೊನೆಯ ಸಾಲನ್ನೇ ಎಳೆದು, ತಿರುಗಿಸಿ ಹಾಡುತ್ತಿರಬೇಕು. ನಾಸಿಕ್‌ನಲ್ಲಿ ಪ್ರತಿ ಶುಕ್ರವಾರ ಆ ಕೆಲಸ ಅವಳದು. ಆ ಹಳೇ ಹಾಡಿನ ಅರ್ಥ ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದಳು, ಆದರೆ ತಟ್ಟೆಯ ಮೇಲಿಟ್ಟ ಕಣ್ಣು ತೆಗೆಯುತ್ತಿರಲಿಲ್ಲ. ಈಗ ಅದೇ ಕಣ್ಣು ಮಂಚದ ಮೇಲಿತ್ತು.

ಗುಸುಗುಸು ಅಡಗಿತು. ಮಂಚ ದಡ್ಡೆಂದು ಬಿಡಿಸಿಕೊಂಡಿತು, ಮೇಜು ಬಂತು, ಅವಳು ಸ್ವರವನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದಳು. ಬೆಳಕು ಬಂದರೂ ಚಪ್ಪಾಳೆ ನಿಲ್ಲಲಿಲ್ಲ. ನಟ ಪಾಪ ಬಾಯಿ ತೆರೆದು ಕಾಯುತ್ತ ನಿಂತಿದ್ದ. ನಾನಂತೂ ನಾಚಿಕೆ ಬಿಟ್ಟು ಅತ್ತೆ.

ನಾಟಕ ಮುಗಿದ ಮೇಲೆ ನಿರ್ದೇಶಕರೇ ಬಂದು, ಆಲ್ಬಮ್ ಇದರಿಂದಲೇ ಶುರುವಾಗಲಿ, ಮಂಚದ ಸದ್ದನ್ನಷ್ಟೇ ಅಳಿಸಿಬಿಡೋಣ ಎಂದರು.

"ನಕೋ ಸರ್," ಎಂದಳು ಮಗಳು, ಎಲ್ಲರಿಗೂ ಕೇಳುವಂತೆ. ಆ ಸದ್ದು ಇರಲೇಬೇಕು ಎಂದು ಹಟ ಹಿಡಿದಳು. ನಿರ್ದೇಶಕರು ಒಪ್ಪುವವರೆಗೆ ಸ್ಯಾಕ್ಸೊಫೋನನ್ನು ಪೆಟ್ಟಿಗೆಯಲ್ಲಿ ಇಡಲಿಲ್ಲ.

ಆಲ್ಬಮ್‌ನಲ್ಲಿ ಆ ತುಣುಕಿನ ಕೆಳಗೆ, ನುಡಿಸಿದವರ ಹೆಸರಿನ ಸಾಲಿನಲ್ಲಿ, ಮಂಚ ಹೊತ್ತ ಆ ಇಬ್ಬರ ಹೆಸರೂ ಇದೆ.