ನನ್ನ ಕಿವಿ ಮತ್ತು ಮೀಸುವ ಅಜ್ಜಿ

ಕಳೆದ ತಿಂಗಳು ತಂಗಿಯ ಬಾಳಂತನಕ್ಕೆಂದು ಹೆಮ್ಮಾಡಿಯ ತವರುಮನೆಗೆ ಹೋಗಿದ್ದೆ. ಬೆಳಿಗ್ಗೆ ಅಮ್ಮ ತೆಂಗಿನೆಣ್ಣೆಗೆ ವೀಳ್ಯದೆಲೆ ಹರಿದು ಹಾಕಿ ಬಿಸಿಮಾಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ಎಡಗಿವಿಯ ಹಿಂದಕ್ಕೆ ಹೋಯಿತು. ಅಲ್ಲೊಂದು ಹೊಲಿಗೆಯ ಗೆರೆ ಇದೆ. ಹಳೆಯ ಹೆದರಿಕೆಯೆಲ್ಲ ಮತ್ತೆ ಎದ್ದು ಕೂತಿತು.

ನಮ್ಮ ಕೇರಿಯಲ್ಲಿ ಒಬ್ಬರು ಅಜ್ಜಿ ಇದ್ದರು. ಎಳೆ ಶಿಶುಗಳಿಗೆ ಎಣ್ಣೆ ತಿಕ್ಕಿ ಸ್ನಾನ ಮಾಡಿಸುವುದು ಅವರ ಕೆಲಸ. ಸ್ನಾನ ಮಾಡಿಸುವುದಕ್ಕೆ ನಮ್ಮ ಕಡೆ ಮೀಸುವುದು ಅನ್ನುತ್ತೇವೆ, ಹಾಗಾಗಿ ಊರಿಗೆಲ್ಲ ಅವರು ಮೀಸುವ ಅಜ್ಜಿ. ಚಾಚಿದ ಕಾಲ ಮೇಲೆ ಶಿಶುವನ್ನು ಮಲಗಿಸಿ, ಮೂಗು ತೀಡಿ, ತಲೆ ದುಂಡಗೆ ಮಾಡಿ, ಕಿವಿಗಳನ್ನು ಹಿಂದಕ್ಕೆ ಒತ್ತಿ ಒತ್ತಿ... ಮದುವೆಮನೆಯಲ್ಲಿ ಮದುಮಗಳನ್ನೇ ತೋರಿಸಿ "ಈ ಮೂಗ್ ನಾ ಮಾಡಿದ್ದ್" ಎನ್ನುವಷ್ಟು ಜಂಬ ಅವರಿಗೆ. ನನ್ನ ಕಿವಿಗಳು ಮಾತ್ರ ಅವರ ಮಾತು ಕೇಳಲಿಲ್ಲ. ಎರಡೂ ಹೊರಗೆ ಎದ್ದು ನಿಂತವು. ಶಾಲೆಯಲ್ಲಿ ನನಗೆ 'ಗೆರಸಿ' ಎಂದೇ ಹೆಸರು, ಅಂದರೆ ಮೊರ. ಕೂದಲಲ್ಲಿ ಕಿವಿ ಮುಚ್ಚಿಕೊಂಡೇ ಕಾಲೇಜು ಮುಗಿಸಿದೆ.

ಎರಡು ಸಾವಿರದ ಮೂರರಲ್ಲಿ, ಹೆಣ್ಣು ನೋಡಲು ಬಂದ ಎರಡು ಕಡೆಯವರೂ ಸುದ್ದಿಯಿಲ್ಲದೆ ಸುಮ್ಮನಾದ ಮೇಲೆ, ಅಮ್ಮ ನನ್ನನ್ನು ಉಡುಪಿ ಕಡೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಿವಿ ಹಿಂದಕ್ಕೆ ಕೂರಿಸುವ ಆಪರೇಷನ್. ನಾನೋ, ಸೂಜಿ ಕಂಡರೆ ಓಡುವವಳು! ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರಿಂದ ನೋವೇನೂ ಇರಲಿಲ್ಲ. ಆದರೆ ಕೇಳುತ್ತಿತ್ತಲ್ಲ... ಕೊಯ್ಯುತ್ತಿದ್ದದ್ದು ಕಿವಿಯನ್ನೇ. ಕತ್ತರಿಯ ಕರಕರ, ದಾರ ಎಳೆಯುವ ಸದ್ದು, ಎಲ್ಲ ತಲೆಯೊಳಗೇ ನಡೆದ ಹಾಗೆ. ಹಸಿರು ಬಟ್ಟೆಯ ಕೆಳಗೆ ನಾನು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ತಲೆಯ ಸುತ್ತ ಬ್ಯಾಂಡೇಜ್ ಬಿಗಿದು, ಏಳು ದಿನ ಯಾರೂ ಮುಟ್ಟಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದರು.

ಮೂರನೆಯ ದಿನ ಬ್ಯಾಂಡೇಜಿನೊಳಗೆ ಎಡಗಿವಿ ಉರಿಯತೊಡಗಿತು. ಆಮೇಲೆ ಉರಿಯೂ ನಿಂತಿತು, ಕಿವಿ ಇರುವುದೇ ಗೊತ್ತಾಗುತ್ತಿರಲಿಲ್ಲ. ಕಪ್ಪಾಗಿ ಉದುರಿ ಹೋಗಿರಬೇಕು ಎಂದೇ ತಿಳಿದೆ. ಅಮ್ಮ ಭತ್ತದ ಮಿಲ್ಲಿಗೆ ಹೋಗಿದ್ದ ಹೊತ್ತು ಅದು. ಅಜ್ಜಿ ನನ್ನನ್ನು ನೋಡಿ ಹೋಗಲು ಬಂದವರು ಚಾವಡಿಯಲ್ಲಿ ಕೂತಿದ್ದರು. ಅವರ ಕೈ ಹಿಡಿದು ಅತ್ತೆ.

"ಅಜ್ಜಿ, ಒಂಚೂರ್ ಬಿಚ್ಚಿ ಕಾಣಿ. ಕೆಮಿ ಇತ್ತಾ ಇಲ್ಯಾ ಹೇಳಿ."

"ನಾ ಮುಟ್ಟುದಿಲ್ಲೆ ಮಗಾ. ಡಾಕ್ಟ್ರ್ ಬ್ಯಾಡ ಅಂದಿರ್ ಅಲ್ದಾ?"

ನಾನು ಬಿಡಲಿಲ್ಲ. ಕೊನೆಗೆ ಸೋತು, ಕೈ ತೊಳೆದು ಬಂದು, ಮೆಲ್ಲಗೆ ಸುತ್ತು ಬಿಚ್ಚಿದರು. "ಇತ್ತ್ ಮಗಾ, ಎರಡೂ ಇತ್ತ್. ಹೆದ್ರಬೇಡ" ಎಂದು ಮತ್ತೆ ಕಟ್ಟಿದರು. ಆದರೆ ಆ ಬಿಗಿ ಅವರ ಕೈಗೆ ಬರಲಿಲ್ಲ. ಎರಡು ದಿನದಲ್ಲಿ ಕಿವಿಯ ಹಿಂದೆ ಕೀವು. ಡಾಕ್ಟರು ಬೈದು, ಮತ್ತೆ ಕೊಯ್ದು ಹೊಲಿದರು.

"ಯಾರ್ ಬಿಚ್ಚಿದ್ದ್?" ಅಮ್ಮನ ಮುಖ ನೋಡಿ ನನ್ನ ಜೀವ ಬಾಯಿಗೆ ಬಂತು. ಅಜ್ಜಿ ಎಂದೆ. ಅದು ಸುಳ್ಳಲ್ಲ. ನಾನೇ ಅತ್ತು ಬಿಚ್ಚಿಸಿದ್ದು ಎಂದು ಹೇಳಲಿಲ್ಲ, ಅಷ್ಟೇ. "ಎಣ್ಣಿ ಹಚ್ಚಿರಾ?" ಎಂದು ಕೇಳಿದಳು. ಮೀಸುವ ಅಜ್ಜಿಯ ಕೈ ಎಂದರೆ ಎಣ್ಣೆ ಇರಲೇಬೇಕಲ್ಲ! ಹೆದರಿಕೆಯಲ್ಲಿ ಹೂಂ ಎಂದು ತಲೆಯಾಡಿಸಿಬಿಟ್ಟೆ. ಅದು ಮಾತ್ರ ಹಸಿ ಸುಳ್ಳು.

ಅಮ್ಮ ಅಜ್ಜಿಯ ಅಂಗಳದಲ್ಲಿ ನಿಂತು ಕೇರಿಗೆಲ್ಲ ಕೇಳುವ ಹಾಗೆ ಕೂಗಾಡಿದಳು. ನಾನು ನಮ್ಮ ಬೇಲಿಯ ಈಚೆ ನಿಂತಿದ್ದೆ. ಅಜ್ಜಿ ಒಂದು ಸಲ ನನ್ನ ಕಡೆ ನೋಡಿದರು. ಎಣ್ಣೆ ಹಚ್ಚಲಿಲ್ಲ ಎಂದು ಈಗ ಹೇಳುತ್ತಾರೆ, ನನ್ನ ಬಣ್ಣ ಬಯಲಾಗುತ್ತದೆ ಎಂದುಕೊಂಡೆ. "ನಂದೇ ತಪ್ಪಾಯ್ತ್ ಮಾರಾಯ್ತಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಆಮೇಲೆ ಯಾವ ಬಾಳಂತಿಯ ಮನೆಯವರೂ ಅವರನ್ನು ಕರೆಯಲಿಲ್ಲ. ನನಗೆ ಕಿವಿ ವಾಸಿಯಾಯಿತು, ಮದುವೆಯೂ ಆಯಿತು. ಮಗಳು ಹುಟ್ಟಿದಾಗ ಒಂದು ದಿನ ಅಜ್ಜಿ ನಮ್ಮ ಬೇಲಿಯ ದಣಪೆಯ ಹತ್ತಿರ ಬಂದು ನಿಂತರು. ಶಿಶುವನ್ನು ಎತ್ತಿಕೊಂಡು ಹೋಗಿ ಅವರ ಮುಂದೆ ಹಿಡಿದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಬಗ್ಗಿ ಮಗಳ ಮುಖ, ಕಿವಿ ನೋಡಿದರು, "ಕೆಮಿ ಲಾಯ್ಕಿತ್ತ್" ಎಂದರು, ಹೊರಟುಹೋದರು. ಅಮ್ಮ ಒಳಗೇ ಇದ್ದಳು. ಒಂದು ಮಾತು, ಒಂದೇ ಒಂದು ಮಾತು ಆಗ ಹೇಳಬಹುದಿತ್ತು... ಥೂ, ಎಂಥ ಪುಕ್ಕಲು ಜನ್ಮ ನನ್ನದು! ಅದರ ಮರುವರ್ಷ ಅವರು ತೀರಿಕೊಂಡರು.

ಇದನ್ನೆಲ್ಲ ಕಳೆದ ತಿಂಗಳು, ಬಚ್ಚಲಲ್ಲಿ ತಂಗಿಯ ಶಿಶುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದ ಅಮ್ಮನಿಗೆ ಹೇಳಿದೆ. ಅವಳ ಕೈ ನಿಂತಿತು.

"ಅವ್ರ್ ಇಪ್ಪಾಗ ಹೇಳುಕಾಯ್ಲಿಲ್ಯಾ ನಿಂಗೆ?"

ಅವರು ಬದುಕಿದ್ದಾಗ ಹೇಳಲು ಹೆದರಿಕೆ ಆಗಿತ್ತು ಎಂದೆ. ಅಮ್ಮ ಶಿಶುವನ್ನು ನನ್ನ ಕಾಲ ಮೇಲಿಟ್ಟು ಎದ್ದು ಹೋದಳು. ನನಗೆ ಮೀಸುವುದು ಬರುವುದಿಲ್ಲ, ನನ್ನ ಮಗಳನ್ನೂ ಅಮ್ಮನೇ ಮೀಸಿದ್ದು. ಕೇರಿಯಲ್ಲಿ ಆ ಕೆಲಸವನ್ನು ಅಜ್ಜಿಯಿಂದ ಕಲಿತವರು ಒಬ್ಬರೂ ಇಲ್ಲ. ಶಿಶು ಅಳುತ್ತಿತ್ತು, ಅದರ ತಲೆಯನ್ನು ಹೇಗೆ ಹಿಡಿಯಬೇಕೆಂದೂ ನನಗೆ ಗೊತ್ತಿರಲಿಲ್ಲ.